ರಶ್ಶು, ಫುಲ್ಲು, ಟೈಟು, ಪ್ಯಾಕು

ನನಗೆ ಜನಜಂಗುಳಿ ಎಂದರೆ ಆಗದು. ಮದುವೆಮನೆಯಲ್ಲೂ ಕೊನೆಯ ಪಂಕ್ತಿಗೆ ಕಾದಿದ್ದು, ಪಾಯಸ ತಳ ಕಂಡ ಮೇಲೆ ಎಲೆಯ ಮುಂದೆ ಕೂರುವ ಪೈಕಿ ನಾನು. ದೇವರ ತಮಾಷೆ ನೋಡಿ, ಇಂಥವಳಿಗೆ ಸರ್ಕಾರಿ ನೌಕರಿ ಕೊಟ್ಟು, ನಾಲ್ಕು ತಾಲ್ಲೂಕುಗಳ ನಡುವೆ ವರ್ಗ ಮಾಡಿಸುತ್ತ, ಇಷ್ಟು ವರ್ಷ ಬಸ್ಸಿನ ಕಂಬಿಗೇ ಜೋತುಹಾಕಿಬಿಟ್ಟ. ಹಾಗೆ ಜೋತುಬಿದ್ದವಳಿಗೆ ಪಕ್ಕದವರ ಮಾತು ಕೇಳುವುದು ಬಿಟ್ಟು ಇನ್ನೇನು ಕೆಲಸ? ಕೇಳಿ ಕೇಳಿ ಒಂದು ಸಂಶೋಧನೆಯನ್ನೇ ಮಾಡಿದ್ದೇನೆ. ಡಾಕ್ಟರೇಟ್ ಯಾರೂ ಕೊಡಲಿಲ್ಲ, ಮನೆಯವರು ಕಿವಿಯನ್ನೂ ಕೊಡಲಿಲ್ಲ. ಅದಕ್ಕೇ ನಿಮ್ಮ ಮುಂದೆ ಬಿಚ್ಚುತ್ತಿದ್ದೇನೆ.

ಜನ ಹೆಚ್ಚಾಗಿದ್ದಾರೆ ಎನ್ನುವುದಕ್ಕೆ ನಮ್ಮ ಕಡೆ ಎಲ್ಲರೂ ಇಂಗ್ಲಿಷನ್ನೇ ಹಿಡಿಯುತ್ತಾರೆ. ಆದರೆ ಊರಿಗೊಂದು ಇಂಗ್ಲಿಷು. ಚಿಕ್ಕಬಳ್ಳಾಪುರದಲ್ಲಿ ಅದು ‘ರಶ್ಶು’. "ಯಪ್ಪಾ, ಏನ್ ರಶ್ಶು ಕಣೇ!" ಎಂಬ ಮಾತು ಬಸ್ ಸ್ಟ್ಯಾಂಡಿಗೂ ಸಲ್ಲುತ್ತದೆ, ಡಾಕ್ಟರ ಬಾಗಿಲಿಗೂ ಸಲ್ಲುತ್ತದೆ. ಗೌರಿಬಿದನೂರಿಗೆ ಹೋದರೆ ‘ಫುಲ್ಲು’. ರೈಲಿರುವ ಊರಲ್ಲವೇ! ಡಬ್ಬಿಯ ಬಾಗಿಲಲ್ಲಿ ನಿಂತವರು "ಫುಲ್ಲು, ಫುಲ್ಲು" ಎಂದು ಕೂಗುತ್ತಿರುತ್ತಾರೆ, ಕೆಳಗಿನವರು ಹತ್ತುತ್ತಲೇ ಇರುತ್ತಾರೆ. ಹತ್ತಿದವರು ತಿರುಗಿ ನಿಂತು ತಾವೂ "ಫುಲ್ಲು" ಎನ್ನುತ್ತಾರೆ. ಚಿಂತಾಮಣಿಯಲ್ಲಿ ‘ಟೈಟು’, ಅದೂ ಅರ್ಧ ತೆಲುಗಿನ ಜೊತೆ: "ಏಂ ಜನಮಮ್ಮಾ, ಫುಲ್ ಟೈಟು!" ಶಿಡ್ಲಘಟ್ಟದಲ್ಲಿ ಮಾತ್ರ ‘ಪ್ಯಾಕು’. ರೇಷ್ಮೆಗೂಡು ತುಂಬಿದ ಟ್ರೇಗಳನ್ನು ದಿನಾ ನೋಡುವ ಊರು, ಅಲ್ಲಿಂದ ಬಂದ ಮಾತೋ ಏನೋ. ಇದೆಲ್ಲ ನನ್ನ ಕಿವಿಯ ಲೆಕ್ಕ, ನಿಮ್ಮ ಕಿವಿ ಬೇರೆ ಹೇಳಿದರೆ ಜಗಳಕ್ಕೆ ಬರಬೇಡಿ.

ಹಾಗೆಂದು ಕನ್ನಡದಲ್ಲಿ ಮಾತಿಗೇನು ಬರವೇ? ಕಿಕ್ಕಿರಿಯುತ್ತದೆ, ಗಿಜಿಗುಡುತ್ತದೆ, ನೂಕುನುಗ್ಗಲಾಗುತ್ತದೆ. ಎಳ್ಳು ಹಾಕಿದರೆ ನೆಲಕ್ಕೆ ಬೀಳದಷ್ಟು ಜನ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಆದರೆ ಅಜ್ಜಿ ಅದನ್ನು ಹೇಳುತ್ತಿದ್ದದ್ದು ಜಗಲಿಯ ಮೇಲೆ ಕಾಲು ಚಾಚಿ ಕೂತು. ಪಕ್ಕದವರ ಮೊಣಕೈ ಪಕ್ಕೆಗೆ ತಿವಿಯುತ್ತಿರುವಾಗ ಅಷ್ಟುದ್ದದ ಮಾತಿಗೆ ಉಸಿರೆಲ್ಲಿ? ಎಳ್ಳು ನೆಲಕ್ಕೆ ಬೀಳುವುದಿರಲಿ, ವಾಕ್ಯ ಮುಗಿಯುವಷ್ಟರಲ್ಲಿ ಬಸ್ಸೇ ಹೊರಟಿರುತ್ತದೆ.

ನಾಲ್ಕೂ ಮಾತುಗಳು ಗೊಣಗಾಟದ ಜಾತಿಯವೇ ಎಂದು ನಾನು ನಂಬಿದ್ದೆ. ಆ ನಂಬಿಕೆ ಕೆಡಿಸಿದವಳು ನನ್ನ ತಂಗಿ ವನಜ.

ವನಜಳನ್ನು ಕೊಟ್ಟಿರುವುದು ಶಿಡ್ಲಘಟ್ಟಕ್ಕೆ. ಹೋದ ವರ್ಷ ಅವಳು ಮುದ್ದೆ ಮೆಸ್ ತೆರೆದಳು. "ಮನೇಲೇ ಸಿಗೋ ಮುದ್ದೇನ ದುಡ್ಡು ಕೊಟ್ಟು ತಿನ್ನೋಕೆ ಯಾರ್ ಬರ್ತಾರೆ?" ಎಂದು ಅವಳ ಗಂಡ ಮೊದಲೇ ರಾಗ ಎಳೆದಿದ್ದರು. ಆರಂಭದ ದಿನಗಳು ಅವರ ಮಾತನ್ನೇ ನಿಜ ಮಾಡಿದವು. ಒಂದು ಸಂಜೆ ವನಜ ಫೋನ್ ಮಾಡಿದಳು. "ಬಸ್ಸಾರೆಲ್ಲ ಹಾಗೇ ಉಳೀತು ಕಣಕ್ಕ. ಈ ಭಾನುವಾರ ಒಂದು ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಬಾಗ್ಲು ಹಾಕ್ಬಿಡ್ತೀನಿ." ಬಸ್ಸಾರಿನ ವಿಷಯದಲ್ಲಿ ನಮ್ಮ ವಂಶದಲ್ಲೇ ಅವಳನ್ನು ಮೀರಿಸಿದವರಿಲ್ಲ.

ಉಪಾಯ ಹೇಳಿದವಳು ನಮ್ಮ ಚಿಕ್ಕಮ್ಮ. "ಜನ ಇರೋ ಕಡೆಗೇ ಕಣೇ ಜನ ಹೋಗೋದು. ನಾವೇ ಹೋಗಿ ಕೂತ್ಕೊಳ್ಳಣ!"

ಭಾನುವಾರ ಮಧ್ಯಾಹ್ನ ಇಡೀ ಬಳಗ ಶಿಡ್ಲಘಟ್ಟಕ್ಕೆ ಇಳಿಯಿತು. ಒಂದು ಬೆಂಚೂ ಖಾಲಿ ಬಿಡದಂತೆ ಕೂತೆವು. ನಿಧಾನವಾಗಿ ತಿನ್ನಬೇಕೆಂದು ಚಿಕ್ಕಮ್ಮನ ಅಪ್ಪಣೆ. ಮುದ್ದೆಯನ್ನು ನಿಧಾನವಾಗಿ ತಿನ್ನಲು ನೀವೊಮ್ಮೆ ಪ್ರಯತ್ನಿಸಿ! ಅದೇನು ಅಗಿಯುವ ಪದಾರ್ಥವೇ? ಬಾಯಿಗಿಟ್ಟರೆ ಗಂಟಲಿಗೆ ಇಳಿದಿರುತ್ತದೆ. ಅಷ್ಟರಲ್ಲಿ ಪಕ್ಕದ ಬೀದಿಯ, ರೇಷ್ಮೆ ನೂಲು ತೆಗೆಸುವ ಸಾಹೇಬರೊಬ್ಬರು ಬಾಗಿಲಲ್ಲಿ ಇಣುಕಿ, "ಅರೆ, ಫುಲ್ ಪ್ಯಾಕು!" ಎಂದು ತಿರುಗಿ ಎದುರಿನ ಹೋಟೆಲಿಗೆ ನಡೆದರು. ಅವರ ಹಿಂದೆ ಇಬ್ಬರು ರೈತರು, ಅವರ ಹಿಂದೆ ಒಂದು ಸಂಸಾರ. ಎಲ್ಲರೂ ಬಂದರು, ನೋಡಿದರು, ಹೋದರು. "ನೋಡ್ದ್ಯಾ, ಎಷ್ಟು ಜನ ಬರ್ತಿದಾರೆ!" ಎಂದು ಚಿಕ್ಕಮ್ಮ ನನ್ನ ತೊಡೆ ಗಿಲ್ಲಿ ಹಿಗ್ಗಿದಳು.

ವನಜ ಸೌಟು ಹಿಡಿದೇ ಒಳಗಿನಿಂದ ಬಂದಳು. "ಏಳ್ರೇ ಎಲ್ಲಾ! ನೀವೇ ಕೂತಿದ್ರೆ ಗಿರಾಕಿಗಳು ನನ್ ತಲೆ ಮೇಲ್ ಕೂರ್ತಾರಾ?"

ಅರ್ಧ ಮುದ್ದೆ ತಟ್ಟೆಯಲ್ಲೇ ಬಿಟ್ಟು, ಕೈ ತೊಳೆದು, ಬೆಪ್ಪುತಕ್ಕಡಿಗಳ ಹಾಗೆ ಬಿಸಿಲಲ್ಲಿ ಸಾಲಾಗಿ ನಿಂತೆವು. ದಾರಿಯಲ್ಲಿ ಹೋಗುತ್ತಿದ್ದವನೊಬ್ಬ ನಿಂತು, "ಏನಮ್ಮಾ, ಊಟಕ್ಕೆ ಕ್ಯೂನಾ?" ಎಂದ. ನಾಚಿಕೆ ಎಂಬುದನ್ನು ಚಿಕ್ಕಮ್ಮ ಎಂದೂ ಮನೆಯಿಂದ ಹೊರಗೆ ತಂದವಳಲ್ಲ. "ಹೂಂನಪ್ಪಾ. ನೀವ್ ಮೊದ್ಲು ಹೋಗಿ, ನಮಗೇನ್ ಅವಸರ ಇಲ್ಲ" ಎಂದಳು. ಅವನು ಒಳಗೆ ಹೋದ. ಕ್ಯೂ ಇರುವ ಹೋಟೆಲಿನಲ್ಲಿ ಕ್ಯೂ ಇಲ್ಲದೆ ಜಾಗ ಸಿಗುತ್ತದೆಂದರೆ ಯಾರು ಬಿಡುತ್ತಾರೆ? ಒಬ್ಬರ ಹಿಂದೊಬ್ಬರು ನುಗ್ಗಿದರು. ಎದುರು ಹೋಟೆಲಿನಲ್ಲಿ ಬರೀ ಟೀ ಕುಡಿದಿದ್ದ ಸಾಹೇಬರೂ ರಸ್ತೆ ದಾಟಿ ಬಂದು ಕೂತರು. ಒಳಗಿನಿಂದ "ಇನ್ನೊಂಚೂರ್ ಸಾರು ಹಾಕಮ್ಮಾ" ಎಂಬ ಅವರ ದನಿ ಕೇಳಿದಾಗ ನಾನು ಮನಸ್ಸಿನಲ್ಲೇ ಕೈಮುಗಿದೆ. ಯಾರೋ ನನ್ನನ್ನು ತಳ್ಳಿದರು, ಯಾರೋ ಕಾಲು ತುಳಿದರು. ತುಳಿಯಲಿ! ಇನ್ನೂ ನಾಲ್ಕು ಜನ ಬಂದು ತುಳಿಯಲಿ ಅನ್ನಿಸಿತು. ಅಷ್ಟು ಖುಷಿಯಾಗಿತ್ತು ನನಗೆ.

ಕೊನೆಗೆ ತಪ್ಪಲೆ ಖಾಲಿಯಾಯಿತು. ವನಜ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಅವಳ ಗಂಡ ಒಳಗೆ ತಲೆ ತಗ್ಗಿಸಿ, ಯಾರೂ ಹೇಳದೆಯೇ ತಟ್ಟೆ ತೊಳೆಯುತ್ತಿದ್ದರು. ಅರೆಹೊಟ್ಟೆಯಲ್ಲಿದ್ದ ನಾವು ಅವಳ ಮುಖವನ್ನೇ ನೋಡುತ್ತ ನಿಂತೆವು.

"ನಾಳೆನೂ ಬರಣೇನೇ?" ಎಂದಳು ಚಿಕ್ಕಮ್ಮ.

"ಬೇಡ ಚಿಕ್ಕಮ್ಮಾ," ಎಂದಳು ವನಜ. "ನಾಳೆ ಫುಲ್ ಪ್ಯಾಕು, ನಿಮಗೆ ಜಾಗ ಇರಲ್ಲ."

ಹೊಟ್ಟೆ ತುಂಬಾ ಊಟ ಹಾಕದೆ, ಇನ್ನು ಬರಬೇಡಿ ಎಂದು ಕಳಿಸಿದ ಮನೆಯಿಂದ ನಾನು ಅಷ್ಟು ಸಂತೋಷವಾಗಿ ಹಿಂದಿರುಗಿದ್ದು ಅದೊಂದೇ ಸಲ.