ಒಂದು ಕೈ ಬೆನ್ನ ಹಿಂದೆ

ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಿ ಯಾರಾದರೂ ಒಂದು ಕೈಯನ್ನು ಬೆನ್ನ ಹಿಂದಿಟ್ಟುಕೊಂಡು ಮೋಟಾರಿನ ತಂತಿ ಬಿಚ್ಚುತ್ತಿದ್ದರೆ, ಅವರು ಪೂಜ್ಯ ಬೊಮ್ಮಲಿಂಗಪ್ಪನವರ ಶಿಷ್ಯರೆಂದು ಕೇಳದೆಯೇ ಹೇಳಬಹುದು. ವಿದ್ಯುತ್ ಪಾಠ ಓದಿಸಿದವರು ನಮ್ಮಲ್ಲಿ ಬಹಳ ಮಂದಿ. ಕೈಗೆ ಬುದ್ಧಿ ಕಲಿಸಿದವರು ಇವರು. ಆ ಪದ್ಧತಿ ಹುಟ್ಟಲು ಕಾರಣವಾದ ಪೆಟ್ಟು ತಿಂದವಳು ನಾನೇ ಆದ್ದರಿಂದ, ಅದನ್ನು ಬರೆಯುವ ಹಕ್ಕನ್ನು ಈ ಅಭಿನಂದನಾ ಸಂಪುಟದ ಸಂಪಾದಕರೊಡನೆ ಜಗಳವಾಡಿಯೇ ಪಡೆದಿದ್ದೇನೆ.

1996ರಲ್ಲಿ ಗುರುಗಳು ಮೊಳಕಾಲ್ಮುರಿನಿಂದ ವರ್ಗವಾಗಿ ಚಳ್ಳಕೆರೆಯ ನಮ್ಮ ತರಬೇತಿ ಕೇಂದ್ರಕ್ಕೆ ಬಂದರು. ಕಬ್ಬಿಣದ ಪಟ್ಟಿಗಳ ಸುತ್ತ ನಮ್ಮಿಂದಲೇ ತಾಮ್ರದ ತಂತಿ ಸುತ್ತಿಸಿ ದಪ್ಪನೆಯ ಸುರುಳಿ ಮಾಡಿಸಿ, ಅದಕ್ಕೆ ಬ್ಯಾಟರಿಯನ್ನೂ ಬಲ್ಬನ್ನೂ ಜೋಡಿಸಿದರು. ಸ್ವಿಚ್ ಒತ್ತಿದರೂ ಬಲ್ಬು ಒಮ್ಮೆಲೇ ಹೊತ್ತದೆ, ಸೋಮಾರಿಯಂತೆ ನಿಧಾನವಾಗಿ ಬೆಳಗಿತು.

“ಸುರುಳಿಗೆ ಬದಲಾವಣೆ ಒಗ್ಗಲ್ಲ. ಬರೋ ಕರೆಂಟನ್ನ ತಡೀತೈತೆ, ಹೋಗೋದನ್ನ ಬಿಡಲ್ಲ,” ಎಂದರು.

ಪಾಠ ಮುಗಿದ ಮೇಲೆ, ಆರು ವೋಲ್ಟಿನ ಬ್ಯಾಟರಿ ಏನು ಮಾಡೀತೆಂದು ನಾನು ಸುರುಳಿಯ ಎರಡೂ ತುದಿಗಳನ್ನು ಬರಿಗೈಯಲ್ಲಿ ಹಿಡಿದು ಬ್ಯಾಟರಿಯಿಂದ ಬಿಡಿಸಿದೆ. ಹೊಡೆತಕ್ಕೆ ಹಿಂದಕ್ಕೆ ಬಿದ್ದೆ. ಸುದ್ದಿ ಬಸ್ ಹತ್ತಿ ನಮ್ಮೂರು ಪರಶುರಾಂಪುರ ಸೇರುವಷ್ಟರಲ್ಲಿ ನಾನು ಅರ್ಧ ಸತ್ತಿದ್ದೆ!

ಮರುದಿನ ಬೆಳಿಗ್ಗೆಯೇ ಕುರಿ ಕಾಯುವುದನ್ನು ಬಿಟ್ಟು ಅಪ್ಪ ಹುಲಿಯಪ್ಪ ಬಂದು ನಿಂತರು. “ಈ ಕರೆಂಟಿನ ಸಾವಾಸ ಸಾಕು. ನಡಿಯವ್ವ ಮನೆಗೆ.”

ವಿದ್ಯುತ್ ವಿಭಾಗದಲ್ಲಿ ನಾನೊಬ್ಬಳೇ ಹುಡುಗಿ. ಅಂದು ಬಸ್ ಹತ್ತಿದ್ದರೆ ಮತ್ತೆ ಯಾರೂ ಕಳಿಸುತ್ತಿರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ.

“ತಪ್ಪು ನಂದು ಹುಲಿಯಪ್ಪನೋರೆ. ಬಿಚ್ಚೋದು ಹೆಂಗಂತ ಮೊದ್ಲೇ ಹೇಳ್ಬೇಕಿತ್ತು,” ಎಂದ ಗುರುಗಳು, ಅಪ್ಪನ ಎದುರೇ ಎರಡೂ ತುದಿಗಳನ್ನು ಹಿಡಿದು ನಿಂತರು. ಕರೆಂಟ್ ಹರಿಯುತ್ತಿದ್ದಷ್ಟು ಹೊತ್ತು ಏನೂ ಆಗಲಿಲ್ಲ. ಬ್ಯಾಟರಿ ಬಿಡಿಸಿದ್ದೇ ತಡ, ಜಿಗಿದುಬಿದ್ದರು.

“ಅಯ್ಯೋ, ಬಿಡ್ರಿ ಸಾರ್!” ಎಂದು ಅಪ್ಪನೇ ಓಡಿದರು.

ಗುರುಗಳು ಕೈ ಉಜ್ಜಿಕೊಳ್ಳುತ್ತ ಕೇಳಿದರು: “ಓಡೋ ಕುರಿಹಿಂಡಿಗೆ ಎದುರು ನಿಂತ್ರೆ ಏನಾಗ್ತೈತ್ರಿ?”

“ಮೈಮ್ಯಾಲೆ ಬೀಳ್ತಾವೆ.”

“ಇದೂ ಅಷ್ಟೇ. ಹರಿಯೋದನ್ನ ಒಮ್ಮೆಲೇ ನಿಲ್ಲಿಸ್ಬಾರ್ದು.”

ಅಪ್ಪ ತಂದಿದ್ದ ರೊಟ್ಟಿ ಗಂಟನ್ನು ನನ್ನ ಕೈಗಿಟ್ಟು, ಒಬ್ಬರೇ ಊರಿಗೆ ಹೋದರು.

ಅಂದಿನಿಂದ, ಒಂದು ಕೈಯಿಂದ ಇನ್ನೊಂದಕ್ಕೆ ಎದೆಯ ಮೂಲಕ ಕರೆಂಟ್ ಹಾಯದಂತೆ, ಒಂದು ಕೈ ಬೆನ್ನ ಹಿಂದೆ ಇರಬೇಕೆಂಬುದು ತರಗತಿಯ ಕಟ್ಟಳೆಯಾಯಿತು. ಮುಂದೆ ನಾನು ಮೋಟಾರು ವೈಂಡಿಂಗ್ ಅಂಗಡಿ ತೆರೆದಾಗ, ಹೆಂಗಸಿನ ಕೈಗೆ ಮೋಟಾರು ಕೊಡಲು ಊರು ಹಿಂದೆ ಮುಂದೆ ನೋಡುತ್ತಿದ್ದಾಗ, ಸುಟ್ಟ ಮೊದಲ ಮೋಟಾರನ್ನು ತಮ್ಮ ಸ್ಕೂಟರಿನಲ್ಲಿ ಹೇರಿಕೊಂಡು ಬಂದವರು ಗುರುಗಳೇ. ಈ ಋಣ ತೀರುವಂಥದ್ದಲ್ಲ.

ಈಗ, 2008ರಲ್ಲಿ, ಅವರು ನಿವೃತ್ತರಾಗುತ್ತಿದ್ದಾರೆ. ಗುರುಗಳಿಗೆ ಆಯುರಾರೋಗ್ಯ ಕೋರುವ ಮಾತಿನಲ್ಲಿ ಅಪ್ಪನದನ್ನು ಮೀರಿಸಲು ನನ್ನಿಂದಾಗದು. ನಿವೃತ್ತಿಯ ಸುದ್ದಿ ಕೇಳಿ ಅಪ್ಪ ಅಂದರು: “ಅಷ್ಟು ವರ್ಷ ಹರಿದೋರ್ನ ಒಮ್ಮೆಲೇ ನಿಲ್ಲಿಸ್ತಾರೇನವ್ವ? ನಿನ್ನಂಗಡೀಲಿ ಅವರಿಗೊಂದು ಕುರ್ಚಿ ಹಾಕು.”

ಕುರ್ಚಿ ಹಾಕಿದ್ದೇನೆ, ಗುರುಗಳೇ. ಸೋಮವಾರ ಬನ್ನಿ.