ಕರೆ ಬಲ್ಲವರಿಗೆ ಕರೆಯಿಲ್ಲ

ಊಟ ಬಲ್ಲವನಿಗೆ ರೋಗವಿಲ್ಲ, ಕರೆ ಬಲ್ಲವನಿಗೆ ಕರೆಯಿಲ್ಲ. ಗಾದೆಯ ಬಾಲ ತಿರುಚಿದ್ದಕ್ಕೆ ಹಿರಿಯರ ಕ್ಷಮೆಯಿರಲಿ. ಮುಂದೆ ಹೇಳುವುದರಲ್ಲಿ ತಿರುಚಿದ್ದೇನೂ ಇಲ್ಲ, ಎಲ್ಲ ನಡೆದದ್ದು ನಡೆದ ಹಾಗೆ. ಮೊದಲ ಕರೆ ಎಂದರೆ ಕೂಗಿ ಕೇಳುವುದು. ಎರಡನೆಯದು ಕಲೆ, ಕಳಂಕ. ಮೊದಲನೆಯದರಿಂದ ಎರಡನೆಯದನ್ನು ಹುಡುಕುವುದರಲ್ಲೇ ಸೇವಾವಧಿಯನ್ನೆಲ್ಲ ಸವೆಸಿ ಈಗ ನಿವೃತ್ತರಾಗುತ್ತಿರುವವರು ನಮ್ಮ ಆಸ್ಪತ್ರೆಯ ದತ್ತಾಂಶ ವಿಭಾಗದ ಮುಖ್ಯಸ್ಥರು. ಎಲ್ಲರ ಬಾಯಲ್ಲಿ 'ಭಂಡಾರಿಗಳು'.

ರೋಗಿಗಳ ಸ್ಕ್ಯಾನ್ ಚಿತ್ರಗಳನ್ನು ಡಿಸ್ಕುಗಳಲ್ಲಿ ಕಾಯುವುದು ಅವರ ಹೊಣೆ. ಚಿತ್ರ ಇಟ್ಟರೆ ಸಾಲದು. ಅದು ಡಿಸ್ಕಿನ ಯಾವ ಜಾಗದಲ್ಲಿದೆ, ಎಷ್ಟು ದೊಡ್ಡದು, ಯಾರದು ಎಂದು ಹೇಳುವ ಮೆಟಾಡೇಟಾ ಕೆಟ್ಟರೆ ಚಿತ್ರವಿದ್ದೂ ಇಲ್ಲದಂತೆ. ಅವರು ಕೆಲಸಕ್ಕೆ ಸೇರಿದ ಕಾಲದಲ್ಲಿ ಇದರ ಪರೀಕ್ಷೆಗೆ ಇಡೀ ವ್ಯವಸ್ಥೆಯನ್ನೇ ನಿಲ್ಲಿಸಬೇಕಿತ್ತು. ಅಷ್ಟು ಹೊತ್ತು ಹೊರಗೆ ಬೆಂಚಿನ ಮೇಲೆ ರೋಗಿಗಳು, ಒಳಗೆ ಕೈಕಟ್ಟಿ ಕುಳಿತ ವೈದ್ಯರು. ಹೊಸ ಆಪರೇಟಿಂಗ್ ಸಿಸ್ಟಂ ಬಂದಾಗ ಅದಕ್ಕೇ ನೇರವಾಗಿ ಒಂದು 'ಸಿಸ್ಟಂ ಕರೆ' ಕೊಟ್ಟು, ಕೆಲಸ ನಡೆಯುತ್ತಿರುವಾಗಲೇ ಮೆಟಾಡೇಟಾದ ತಪ್ಪು ಹುಡುಕಿಸುವ ಕ್ರಮವನ್ನು ಜಾರಿಗೆ ತಂದವರು ಭಂಡಾರಿಗಳು.

ಆ ಕರೆಗೆ ಉತ್ತರವಾಗಿ ಸೊನ್ನೆ ಬಂದರೆ ಪರೀಕ್ಷೆ ಮುಗಿಯಿತು ಎಂದಷ್ಟೇ ಅರ್ಥ. ದೋಷ ಉಂಟೋ ಇಲ್ಲವೋ ಎಂಬುದು ಜೊತೆಗೆ ಬರುವ ಗುರುತುಗಳಲ್ಲಿರುತ್ತದೆ. ಸೊನ್ನೆ ಕಂಡ ಕೂಡಲೇ ಹಿಗ್ಗುವ ಹೊಸಬರಿಗೆ ಅವರ ಪಾಠ ಒಂದೇ: "ಡಾಕ್ಟ್ರು ನೋಡಿ ಮುಗಿಸಿದ್ರು ಅಂದ್ರೆ ಕಾಯಿಲೆ ಇಲ್ಲ ಅಂತಾನಾ? ಏನಂದ್ರು ಅಂತ ಕೇಳ್ರಪ್ಪಾ."

ಹಾಗೆ ಪಾಠ ಕೇಳಿದವರಲ್ಲಿ 'ಗಿಳಿ' ಎಂಬ ಅಡ್ಡಹೆಸರಿನ ಎಂಜಿನಿಯರೂ ಒಬ್ಬ. ಯಾರ ದನಿಯಾದರೂ ಅವನ ಗಂಟಲಲ್ಲಿ ಬಾಡಿಗೆಗಿರುತ್ತದೆ. ಒಮ್ಮೆ ನಿರ್ದೇಶಕರ ದನಿ ತೆಗೆದಾಗ ಹಿಂದೆ ನಿರ್ದೇಶಕರೇ ನಿಂತಿದ್ದರು, ಅವನ ಕೆಲಸ ಉಳಿಸಿದ್ದು ಭಂಡಾರಿಗಳ ಒಂದು ಮಾತು: "ಬೆಲೆಬಾಳೋದಕ್ಕೆಲ್ಲ ಒಂದು ಹೆಚ್ಚುವರಿ ಪ್ರತಿ ಇಡೋದು ನಮ್ಮ ಪದ್ಧತಿ ಸಾರ್. ಇರ್ಲಿ ಬಿಡಿ." ಅವನ ತಾಯಿಗೆ ಶಸ್ತ್ರಚಿಕಿತ್ಸೆಯಾದ ವಾರ ಅವನ ಪಾಳಿಯನ್ನೂ ತಾವೇ ಮಾಡಿದರು. "ಅಮ್ಮನ ಪಕ್ಕ ಕೂರೋಕೆ ಯಾರ ಅಪ್ಪಣೆ ಬೇಕೋ, ಹೋಗೋ" ಎಂದಿದ್ದರು.

ನಿವೃತ್ತಿಗೆ ತಿಂಗಳಿರುವಾಗ ಚಿತ್ರಗಳನ್ನೆಲ್ಲ ಹೊಸ ಡಿಸ್ಕುಗಳಿಗೆ ಸಾಗಿಸಲಾಯಿತು. ಹೊಸದರ ಪರೀಕ್ಷೆ ಮುಗಿದ ಮೇಲೆ ಹಳೆಯದನ್ನು ಅಳಿಸಬೇಕು. ಕೆಳಗಿನ ಯಂತ್ರಕೋಣೆಯ ಆಪರೇಟರ್ ಮೇಡಂ ಹೊಸಬರು. ಸೊನ್ನೆ ಕಂಡರು, ಅಳಿಸಲು ಅಣಿಯಾದರು. ಮೇಲಿನ ಮಹಡಿಯಲ್ಲಿ ಅದೇ ಫಲಿತಾಂಶ ನೋಡುತ್ತಿದ್ದ ಗಿಳಿಗೆ ಸೊನ್ನೆಯ ಜೊತೆಗಿದ್ದ ದೋಷದ ಗುರುತೂ ಕಂಡಿತು: ಡಿಸ್ಕಿನ ಒಂದೇ ಜಾಗವನ್ನು ಎರಡು ಚಿತ್ರಗಳು ನನ್ನದು ನನ್ನದು ಎನ್ನುತ್ತಿದ್ದವು. ಹಳೆಯದು ಅಳಿದರೆ ಇಬ್ಬರು ರೋಗಿಗಳಲ್ಲಿ ಒಬ್ಬರ ಚಿತ್ರ ಮತ್ತೆ ಸಿಗದು. ನಿವೃತ್ತರಾಗಿ ಹೊರಡುವ ಹೊತ್ತಿಗೆ ಭಂಡಾರಿಗಳ ಹೆಸರಿಗೂ ಒಂದು ಕರೆ ಅಂಟುತ್ತದೆ.

ಗಿಳಿ ಫೋನ್ ಮಾಡಿದ. "ಮೇಡಂ, ಅಳಿಸ್ಬೇಡಿ."

"ನಿನ್ನೆ ನಿರ್ದೇಶಕರ ದನೀಲಿ ನನ್ ಹತ್ರ ಕಾಫಿ ತರಿಸ್ಕೊಂಡೋರು ನೀವೇ ಅಲ್ವಾ? ಭಂಡಾರಿಗಳು ಹೇಳ್ಲಿ, ನಿಲ್ಲಿಸ್ತೀನಿ." ಫೋನ್ ಕಟ್ಟಾಯಿತು.

ಭಂಡಾರಿಗಳ ಕುರ್ಚಿ ಖಾಲಿ. ಮೊಬೈಲು ಮೇಜಿನ ಮೇಲೇ ಇತ್ತು. ಮೆಟ್ಟಿಲಿಳಿದು ಓಡುವಷ್ಟು ಹೊತ್ತಿಲ್ಲ. ಗಿಳಿ ಅವರದೇ ಮೇಜಿನ ಫೋನೆತ್ತಿ, ಅವರದೇ ಹಾಗೆ ಎರಡು ಸಲ ಕೆಮ್ಮಿ, ಅವರದೇ ದನಿಯಲ್ಲಿ ಹೇಳಿದ: "ತಾಯೀ, ಸೊನ್ನೆ ನೋಡಿ ಕುಣೀಬೇಡಿ. ಗುರುತು ನೋಡಿ. ಅಳಿಸೋದು ನಿಲ್ಸಿ."

ಅತ್ತ ಕಡೆಯಿಂದಲೂ ಎರಡು ಸಲ ಕೆಮ್ಮು ಕೇಳಿಸಿತು. "ಯಾರು ಮಾತಾಡ್ತಿರೋದು?"

"ನಾನೇ, ಭಂಡಾರಿ."

"ಹಾಗಾದ್ರೆ ಇಲ್ಲಿ ನಿಂತಿರೋನು ಯಾರಪ್ಪಾ?"

ಭಂಡಾರಿಗಳು ಆಗತಾನೇ ಯಂತ್ರಕೋಣೆಗೆ ಬಂದಿದ್ದರು. ಮೇಡಂ ಫೋನನ್ನು ಸ್ಪೀಕರಿಗೆ ಹಾಕಿದ್ದರು. ಗಿಳಿಯ ಗಂಟಲಲ್ಲಿ ಆಗ ಯಾರ ದನಿಯೂ ಇರಲಿಲ್ಲ, ಅವನದು ಕೂಡ. ಭಂಡಾರಿಗಳು ಬಗ್ಗಿ ಪರದೆಯ ಮೇಲಿನ ಗುರುತು ನೋಡಿದರು. "ನಿಲ್ಸಿ ತಾಯೀ," ಎಂದರು. "ಕರೆ ಖೋಟಾ, ಹೇಳಿದ್ದು ನಿಜ."

ಹಳೆಯ ಡಿಸ್ಕಿನಿಂದ ಆ ಎರಡು ಚಿತ್ರಗಳನ್ನು ಮತ್ತೆ ತಂದು, ಮತ್ತೆ ಪರೀಕ್ಷಿಸಿ, ಗುರುತಿಲ್ಲದ ಸೊನ್ನೆ ಬಂದ ಮೇಲೆಯೇ ಉಳಿದ ಕೆಲಸ ಸಾಗಿತು. ಅಷ್ಟರೊಳಗೆ ತಲೆತಗ್ಗಿಸಿ ಬಂದು ನಿಂತ ಗಿಳಿಯನ್ನು ಮೇಡಂ ಗುರಾಯಿಸುತ್ತಿದ್ದರು. ಭಂಡಾರಿಗಳು ಅವನ ಬೆನ್ನು ತಟ್ಟಿ, "ನಾನು ಹೋದ್ಮೇಲೂ ಇಲ್ಲೊಂದು ಪ್ರತಿ ಇರುತ್ತೆ ಅಂತಾಯ್ತು" ಎಂದರು. ಮೊದಲು ನಕ್ಕವರು ಮೇಡಂ, ಆಮೇಲೆ ಗಿಳಿ, ಕೊನೆಗೆ ಎಲ್ಲರಿಗಿಂತ ಜೋರಾಗಿ ಭಂಡಾರಿಗಳು.

ಪ್ರತಿ ಎಷ್ಟೇ ಚೆನ್ನಾಗಿದ್ದರೂ ಮೂಲ ಮೂಲವೇ. ಆ ಮೂಲಪ್ರತಿ ಆರೋಗ್ಯದಿಂದ ನೂರು ಕಾಲ ಬಾಳಲಿ, ಹೊಸಬರ ಸೊನ್ನೆಗಳನ್ನು ಇನ್ನೂ ಬಹುಕಾಲ ತಿದ್ದುತ್ತಿರಲಿ. ಅವರ ಕೆಮ್ಮು ಗಿಳಿಗೆ ಒಲಿದಿದೆ, ದನಿ ಒಲಿದಿದೆ. ಅಂದು ಯಂತ್ರಗಳ ಫ್ಯಾನಿನ ಸದ್ದನ್ನೂ ಮುಳುಗಿಸಿದ ಅವರ ಆ ನಗು ಮಾತ್ರ ಇನ್ನೂ ಒಲಿದಿಲ್ಲ.