ಅಕ್ಕ ಕಟ್ಟಿದ ಚೀಲ

ನಮ್ಮಕ್ಕನಿಗೆ ಕೋಪ ಬರುವುದಿಲ್ಲ, ಇರುತ್ತದೆ. ಬೇರೆಯವರಿಗೆ ಬಿ.ಪಿ., ಶುಗರ್ ಇರುವ ಹಾಗೆ. ಅದನ್ನು ಇಟ್ಟುಕೊಂಡೇ ಅಡುಗೆ ಮಾಡುತ್ತಾಳೆ, ಬಟ್ಟೆ ಒಗೆಯುತ್ತಾಳೆ, ಕೆಲಸಕ್ಕೆ ಹೋಗುತ್ತಾಳೆ. ಕೆಲಸ ಬಸ್ ನಿಲ್ದಾಣದ ಲಗೇಜ್ ರೂಮಿನಲ್ಲಿ. ಊರೂರು ಸುತ್ತುವವರು ತಮ್ಮ ಬ್ಯಾಗು, ಪೆಟ್ಟಿಗೆ, ಗಂಟುಗಳನ್ನು ಅವಳ ಕೈಗೆ ದಾಟಿಸಿ, ತಗಡಿನ ಬಿಲ್ಲೆ ಇಸಿದುಕೊಂಡು, ಕೈ ಬೀಸಿಕೊಂಡು ಹೋಗುತ್ತಾರೆ. ಸಂಜೆಯೊಳಗೆ ಬಂದು ಬಿಡಿಸಿಕೊಳ್ಳುತ್ತಾರೆ. ಅಲ್ಲಿಯವರೆಗೆ ಅಕ್ಕ ಕಬ್ಬಿಣದ ಗೂಡುಗಳ ಮುಂದೆ ಸ್ಟೂಲಿನ ಮೇಲೆ ಕೂತು, ಜನ ಯಾಕೆ ಇಷ್ಟು ದಡ್ಡರಾಗಿರುತ್ತಾರೆ ಎಂದು ಹಲ್ಲು ಕಡಿಯುತ್ತಿರುತ್ತಾಳೆ.

ಮದುವೆಯಾದಾಗಿನಿಂದ ಅವಳಿಗೆ ಇದ್ದ ಆಸೆ ಒಂದೇ, ಸಮುದ್ರ ನೋಡಬೇಕು. ಸಮುದ್ರಕ್ಕೆ ಹೋಗಿ ಬಂದವರ ಬ್ಯಾಗುಗಳಿಂದ ಉದುರಿದ ಮರಳನ್ನು ಗೂಡುಗಳಿಂದ ಗುಡಿಸುವುದಷ್ಟೇ ಅಲ್ಲಿಯವರೆಗೆ ಅವಳ ಪಾಲಿಗೆ ಬಂದದ್ದು. ಇದನ್ನವಳು ಹಾಡಿಕೊಂಡು ಹೇಳುತ್ತಿರಲಿಲ್ಲ. ವರ್ಷಕ್ಕೊಂದು ಸಲ, ಪಾತ್ರೆ ತಿಕ್ಕುತ್ತಾ, ಗೋಡೆಗೆ ಹೇಳುತ್ತಿದ್ದಳು. ಗೋಡೆಯ ಈಚೆ ಪೇಪರ್ ಓದುತ್ತಿದ್ದ ಭಾವ "ಹೂಂ" ಅನ್ನುತ್ತಿದ್ದರು.

ಅಕ್ಕ ಎಲ್ಲಿಗೂ ಹೋಗದಿದ್ದರೂ ನಮ್ಮ ಬಳಗದಲ್ಲಿ ಯಾರು ಎಲ್ಲಿಗೇ ಹೊರಟರೂ ಚೀಲ ಕಟ್ಟುವುದು ಅವಳೇ. ಹೊರಡುವ ಹಿಂದಿನ ದಿನ ನಮ್ಮ ನಮ್ಮ ಬಟ್ಟೆಬರೆ ತಂದು ಅವಳ ನಡುಮನೆಯಲ್ಲಿ ಸುರಿಯಬೇಕು. ನಮ್ಮದು ಕೈ ಬಿಗಿ ಹಿಡಿದು ತಿರುಗುವ ಬಳಗ. ಅಗ್ಗದ ಟಿಕೆಟ್ಟು, ಅದಕ್ಕಿಂತ ಅಗ್ಗದ ಲಾಡ್ಜು. ಅಗ್ಗದ ಲಾಡ್ಜಿಗೆ ಹೋಗುವವನು ಅರ್ಧ ಲಾಡ್ಜನ್ನು ತಾನೇ ಹೊತ್ತುಕೊಂಡು ಹೋಗಬೇಕು ಎಂಬುದು ಅಕ್ಕನ ಸಿದ್ಧಾಂತ. ಅಲ್ಲಿನ ಬಲ್ಬು ತನ್ನ ಮುಖವನ್ನೇ ತಾನು ಬೆಳಗಲಾರದು, ಆದ್ದರಿಂದ ನಮ್ಮದೇ ಒಂದು ಒಳ್ಳೆಯ ಬಲ್ಬು. ಚಿಲಕ ಕೂರುವುದಿಲ್ಲ, ಆದ್ದರಿಂದ ಬಾಗಿಲ ಕೆಳಗೆ ಒತ್ತಲು ಮರದ ತುಂಡು. ಕಿಟಕಿಯ ಪರದೆಗಳಿಗೆ ಒಂದನ್ನು ಕಂಡರೆ ಇನ್ನೊಂದಕ್ಕಾಗದು, ಎರಡನ್ನೂ ಸೇರಿಸಿ ಕಚ್ಚಿಸಲು ಬಟ್ಟೆ ಕ್ಲಿಪ್ಪು. ಬಟ್ಟೆ ಒಣಗಿಸುವುದಕ್ಕೂ ಬ್ಯಾಗನ್ನು ರೈಲಿನ ಸೀಟಿಗೆ ಕಟ್ಟುವುದಕ್ಕೂ ಒಂದೇ ಹಗ್ಗ. ಒಂದೇ ಉಪಯೋಗದ ಸಾಮಾನು ಅವಳ ಚೀಲದೊಳಗೆ ಕಾಲಿಡುವಂತಿಲ್ಲ. ದಪ್ಪ ಟವೆಲ್ಲು ಮೈ ಒರೆಸಬೇಕು, ದಿಂಬಾಗಬೇಕು, ಬಿಸಿಲಿಗೆ ಪರದೆಯಾಗಬೇಕು, ಜಾಗ ಹಿಡಿಯಲು ಸೀಟಿನ ಮೇಲೆ ಬೀಳಬೇಕು. ಈ ಲೆಕ್ಕದಲ್ಲಿ ನೋಡಿದರೆ ನಮ್ಮ ಬಳಗದ ಗಂಡಸರಲ್ಲಿ ಒಬ್ಬರೂ ಚೀಲಕ್ಕೆ ಅರ್ಹರಲ್ಲ.

ಈ ಸಲದ ಪ್ರಯಾಣ ಸಮುದ್ರಕ್ಕೇ. ನಾನು ಮೂರು ಇಸ್ತ್ರಿ ಶರ್ಟು, ಒಂದು ದಪ್ಪ ಪುಸ್ತಕ ಮತ್ತು ತಲೆಗೆ ಹಚ್ಚುವ ಬಣ್ಣದ ಡಬ್ಬಿ ತಂದಿಟ್ಟೆ. ಅಕ್ಕ ಡಬ್ಬಿಯನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದಳು.

"ನೀನು ಸಮುದ್ರ ನೋಡೋಕೆ ಹೋಗ್ತಿದ್ದೀಯೋ, ಸಮುದ್ರಕ್ಕೆ ನಿನ್ನನ್ನ ತೋರಿಸೋಕೆ ಹೋಗ್ತಿದ್ದೀಯೋ?"

ಡಬ್ಬಿ, ಪುಸ್ತಕ, ಎರಡು ಶರ್ಟು ವಾಪಸು ಬಂದವು. ಆ ಜಾಗದಲ್ಲಿ ಸೂಜಿ ದಾರ, ಪಿನ್ನುಗಳು, ಸವೆದ ಸೋಪಿನ ತುಂಡು, ಒದ್ದೆ ಬಟ್ಟೆಗೆ ಪ್ಲಾಸ್ಟಿಕ್ ಕವರು, ಹಳೇ ಪೇಪರು ಹೋದವು. ಬೈಗುಳ ಎಂದಿನಷ್ಟೇ ಇತ್ತು, ಆದರೆ ಕೈ ಮಾತ್ರ ಎಂದಿಗಿಂತ ಚುರುಕಾಗಿತ್ತು. ಕೆಲಸಕ್ಕೆ ಒಂದು ವಾರ ರಜೆ ಹಾಕಿದ್ದಳು. ಆ ರಜೆ ಕೇಳಿದ್ದಕ್ಕೆ ಅವಳ ಮೇಲಿನವನು ಯಾರು ಸತ್ತರು ಎಂದು ವಿಚಾರಿಸಿದನಂತೆ.

ಇನ್ನು ಭಾವ. ಅವರದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಟಿಕೆಟ್ ಮಾಡಿಸುವುದು ಅವರ ಖಾತೆ. ತಿಂಗಳುಗಟ್ಟಲೆ ಮುಂಚೆಯೇ ಹೊಂಚು ಹಾಕಿ ಅತಿ ಅಗ್ಗದ ಸೀಟು ಹೊಡೆದರೆ, ಹುಲಿ ಹೊಡೆದವರ ಹಾಗೆ ಓಣಿಯೆಲ್ಲಾ ಹೇಳಿಕೊಂಡು ಬರುತ್ತಾರೆ. ಈ ಸಲ ಹೊಡೆದದ್ದು ಹಗಲು ರೈಲು, ಬೆಳಿಗ್ಗೆ ಹತ್ತಿದರೆ ಸಂಜೆ ಸಮುದ್ರ. ಟಿಕೆಟ್ ಮಾಡಿಸುವ ದಿನ ಅವರು ನಡುಮನೆಯಲ್ಲಿ ನಿಂತು ಯಾರ್ಯಾರು ಬರ್ತೀರಿ ಎಂದು ಕೇಳಿದಾಗ ನಾನು ಕೈ ಎತ್ತಿದೆ, ನನ್ನ ಹೆಂಡತಿ ಎತ್ತಿದಳು, ಭಾವನ ತಂಗಿ ಎತ್ತಿದಳು, ಭಾವ ತಮ್ಮದನ್ನು ತಾವೇ ಎತ್ತಿದರು. ಅಕ್ಕ ಕೈ ಎತ್ತಲಿಲ್ಲ. ಸಮುದ್ರ ಎಂದದ್ದು ಕಿವಿಗೆ ಬಿದ್ದದ್ದೇ ಅವಳು ಕುರ್ಚಿ ಹತ್ತಿ ಅಟ್ಟದಿಂದ ಚೀಲ ಇಳಿಸುತ್ತಿದ್ದಳು, ಎರಡೂ ಕೈ ಚೀಲದ ಮೇಲಿದ್ದವು.

ಬೆಳಿಗ್ಗೆ ಸ್ಟೇಷನ್ನಿಗೆ ನಾವು ಅಗತ್ಯಕ್ಕಿಂತ ಮುಂಚೆ ಬಂದು ನಿಂತೆವು, ಅದೂ ಅಕ್ಕನ ಕಾನೂನೇ. ರೈಲು ಬಂದು ನಿಂತಿತು. ಭಾವ ಜೇಬಿನಿಂದ ಟಿಕೆಟ್ ಬಿಚ್ಚಿ ನನ್ನ ಸೀಟು ನಂಬರು ಹೇಳಿದರು, ನನ್ನ ಹೆಂಡತಿಯದು ಹೇಳಿದರು, ತಂಗಿಯದು ಹೇಳಿದರು, ತಮ್ಮದು ಕಿಟಕಿ ಪಕ್ಕ ಎಂದರು. ಮಡಚಿದರು. ಚೀಲ ಹಿಡಿದುಕೊಂಡು ನಿಂತಿದ್ದ ಅಕ್ಕ ತನ್ನದು ಎಲ್ಲಿ ಎಂದು ಕೇಳಿದಳು. ಭಾವ ಮತ್ತೆ ಬಿಚ್ಚಿದರು. ಹಿಂದೆ ತಿರುಗಿಸಿ ನೋಡಿದರು. ಹಿಂದೆ ಖಾಲಿ ಇತ್ತು.

ಆಗಲಾದರೂ ತಪ್ಪಾಯಿತು ಎಂದು ಕಾಲಿಗೆ ಬಿದ್ದಿದ್ದರೆ ಬೈಗುಳದಲ್ಲಿ ಮುಗಿಯುತ್ತಿತ್ತೋ ಏನೋ. ಭಾವ ವಿವರಿಸಲು ಹೊರಟರು.

"ನೀನು ಬರ್ತೀಯ ಅನ್ನೋದು ಗೊತ್ತೇ ಇತ್ತು ಕಣೇ. ಟಿಕೆಟ್ ಬೇಕಾಗುತ್ತೆ ಅಂತ ಹೊಳೀಲಿಲ್ಲ, ಅಷ್ಟೆ."

ಅಕ್ಕನ ಕೋಪ ದಿನನಿತ್ಯದ್ದಾದರೆ ದನಿ ಏರುತ್ತದೆ. ಈಗ ಇಳಿಯಿತು.

"ಸರಿಯಾಗೇ ಮಾಡಿದ್ದೀರಿ ಬಿಡಿ. ಬ್ಯಾಗಿಗೆ ಯಾರಾದ್ರೂ ಟಿಕೆಟ್ ತಗೋತಾರೇನ್ರೀ?"

ಭಾವನ ತಂಗಿ, ಅತ್ತಿಗೆ ಹೇಗೋ ಅಡ್ಜಸ್ಟ್ ಮಾಡ್ಕೋತಾರೆ ಬಿಡಣ್ಣ ಎಂದಳು. ನನ್ನ ಹೆಂಡತಿ ತನ್ನ ಸೀಟು ಬಿಟ್ಟುಕೊಡುತ್ತೇನೆಂದಳು. ನೀನು ಮನೇಲಿ ಉಳಿದು ನಾನು ಹೋದರೆ ಇವರ ಲೆಕ್ಕ ಸರಿಹೋಗುತ್ತೆ, ಬೇಡ ಎಂದು ಅಕ್ಕ ಅವಳ ಬಾಯಿ ಮುಚ್ಚಿಸಿದಳು. ಬಿಟ್ಟುಕೊಡುವ ಮಾತು ನಾವು ಗಂಡಸರಿಬ್ಬರ ಬಾಯಿಂದ ಬರಲಿಲ್ಲ. ನಾನು ರೈಲಿನ ಚಕ್ರಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದೆ. ಭಾವ ಗಡಿಯಾರ ನೋಡಿ, ಮುಂದಿನ ಸಲ ಖಂಡಿತ ಎಂದು ಹೇಳಿ, ಕೈ ಚಾಚಿದರು. "ಹೋಗ್ಲಿ, ಬ್ಯಾಗ್ ಕೊಡು. ಹೊರಡೋ ಹೊತ್ತಾಯ್ತು."

ಅಕ್ಕ ಚೀಲವನ್ನು ಪ್ಲಾಟ್‌ಫಾರಂ ಮೇಲೆ ಧೊಪ್ಪನೆ ಇಟ್ಟು ಜಿಪ್ಪು ಎಳೆದಳು. ಅವಳು ಕಟ್ಟಿದ ಚೀಲ ಅವಳಿಗಲ್ಲದೆ ಇನ್ಯಾರಿಗೂ ಬಿಚ್ಚಲು ಬರುವುದಿಲ್ಲ. ಭಾವನ ಬಟ್ಟೆ ತೆಗೆದು ಭಾವನ ಕೈಗೆ, ತಂಗಿಯದು ತಂಗಿಯ ಕೈಗೆ, ನನ್ನ ಹೆಂಡತಿಯದು ಅವಳ ಕೈಗೆ, ನನ್ನ ಒಂಟಿ ಶರ್ಟು ನನ್ನ ಹೆಗಲಿಗೆ. ಇವು ನಿಮ್ಮವು, ಮಿಕ್ಕಿದ್ದು ನನ್ನದು ಎಂದಳು. ಹೋಗಿಬರುವ ಜನ ಸುತ್ತಿ ಬಳಸಿ ನಡೆಯುತ್ತಾ ನಮ್ಮ ಒಳಬಟ್ಟೆಗಳ ಬಣ್ಣ ಗಮನಿಸಿದರು. ನೀರಿನ ಬಾಟಲಿಗಳು, ಮಧ್ಯಾಹ್ನದ ಊಟದ ಡಬ್ಬಿಗಳು, ಬೀಗ, ಹಗ್ಗ, ಎಲ್ಲ ಒಳಗೇ ಉಳಿದವು. ಭಾವ ಬಟ್ಟೆ ತಬ್ಬಿಕೊಂಡು ಅಂಗಲಾಚಿದರು, ಬಲ್ಬಾದರೂ ಕೊಡೇ, ರೂಮು ಕತ್ತಲಿರುತ್ತೆ ಎಂದು.

"ಟಿಕೆಟ್ ಇದೆಯಲ್ಲ, ಅದನ್ನೇ ಉರಿಸ್ಕೊಳ್ಳಿ."

ಜಿಪ್ಪು ಎಳೆದು, ಚೀಲ ಹೆಗಲಿಗೇರಿಸಿ ಹೊರಟಳು. ಮನೆಗೆ ಹೋದಳು ಎಂದುಕೊಂಡೆವು. ಭಾವನಂತೂ ಮನೆಗೇ ಹೋಗ್ತಾಳೆ, ಸಂಜೆ ಫೋನ್ ಮಾಡಿ ಸಮಾಧಾನ ಮಾಡಿದರಾಯ್ತು ಎಂದು ತಮಗೆ ತಾವೇ ಧೈರ್ಯ ಹೇಳಿಕೊಂಡರು. ರೈಲು ಕದಲುವ ಮುಂಚೆ ಬಾಗಿಲಿಂದ ಕತ್ತು ಚಾಚಿದ ನನಗೆ, ಟಿಕೆಟ್ ಕೌಂಟರಿನ ಕಡೆಯಿಂದ ಅಕ್ಕ ಓಡಿಬರುವುದು ಕಂಡಿತು. ನಮ್ಮ ಬೋಗಿಯನ್ನು ಕಣ್ಣೆತ್ತಿಯೂ ನೋಡದೆ ಕಟ್ಟಕಡೆಯ ಜನರಲ್ ಬೋಗಿಯ ಹತ್ತಿರ ನಿಂತಳು. ಅಲ್ಲಿ ಬಾಗಿಲಲ್ಲಿ ಜನ ಜೋತಾಡುತ್ತಿದ್ದರು. ಅವಳು ಮೊದಲು ಕಿಟಕಿಯೊಳಗೆ ಟವೆಲ್ಲು ಎಸೆದಳು, ಆಮೇಲೆ ಅಷ್ಟೂ ಜನರನ್ನು ಬೈಯುತ್ತಾ ಬಾಗಿಲಿಗೆ ನುಗ್ಗಿದಳು. ಜನ ದಾರಿ ಬಿಟ್ಟರು. ಬಿಡದೆ ಏನು ಮಾಡುತ್ತಾರೆ.

ನಮ್ಮದು ಕಾದಿರಿಸಿದ ಸೀಟು. ತೊಡೆಯ ಮೇಲೆ ಬಟ್ಟೆಗಂಟು ಇಟ್ಟುಕೊಂಡು, ಪ್ರವಾಹದಲ್ಲಿ ಮನೆ ಕಳೆದುಕೊಂಡವರ ಹಾಗೆ ಕೂತಿದ್ದೆವು. ಭಾವ ಹೊಂಚು ಹಾಕಿ ಹಿಡಿದ ಕಿಟಕಿಗೆ ದಿನವಿಡೀ ಬಿಸಿಲು. ನೀರಿಲ್ಲ, ಊಟವಿಲ್ಲ. ನಿಲ್ದಾಣದಲ್ಲಿ ಕೊಂಡದ್ದನ್ನು ತಿಂದು ಭಾವನ ತಂಗಿ ಹೊಟ್ಟೆ ಹಿಡಿದುಕೊಂಡಳು. ನನ್ನ ಹೆಂಡತಿ, ನಿಮ್ಮ ಬಾಯಲ್ಲಿ ಏನಿತ್ತು ಆವಾಗ ಎಂದು ನನ್ನನ್ನು ಕೇಳಿದಳು. ಉತ್ತರ ಹುಡುಕುತ್ತಾ ನಾನು ಮುಂದಿನ ನಿಲ್ದಾಣದಲ್ಲಿ ಇಳಿದುಬಿಟ್ಟೆ.

ಜನರಲ್ ಬೋಗಿಯ ಕಿಟಕಿಯಲ್ಲಿ ಅಕ್ಕ ಕಂಡಳು. ಬಿಸಿಲಿಗೆ ಟವೆಲ್ಲು ಇಳಿಬಿಟ್ಟು ಕ್ಲಿಪ್ಪು ಹಾಕಿದ್ದಳು, ಚೀಲವನ್ನು ಸೀಟಿನ ಕಾಲಿಗೆ ಹಗ್ಗದಿಂದ ಬಿಗಿದಿದ್ದಳು. ಹಳೇ ಪೇಪರು ಹಾಸಿ, ಎದುರಿನ ಅಪರಿಚಿತ ಸಂಸಾರಕ್ಕೆ ನಮ್ಮ ಡಬ್ಬಿಗಳಿಂದ ನಮ್ಮ ಊಟ ಬಡಿಸುತ್ತಿದ್ದಳು. ನಾನು ನಕ್ಕೆ. ಅವಳು ನಗಲಿಲ್ಲ. ನಾನು ಬಂದದ್ದು ಭಾವನ ಚಪ್ಪಲಿಯ ಪಟ್ಟಿ ಕಿತ್ತುಹೋಗಿದೆ, ಒಂದು ಪಿನ್ನು ಬೇಕಂತೆ ಎಂದು ಹೇಳಲು. ಕಿತ್ತುಹೋದದ್ದು ಯಾರದೋ ಅವರೇ ಬರಲಿ ಎಂದಳು.

ಭಾವ ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಚಪ್ಪಲಿ ಕೈಯಲ್ಲಿ, ಕಾದ ಪ್ಲಾಟ್‌ಫಾರಂ ಮೇಲೆ ಕುಂಟುತ್ತಾ ಬಂದು ಕಿಟಕಿಯ ಸರಳು ಹಿಡಿದರು. ಬೋಗಿಯ ಒಳಗಿನವರೆಲ್ಲಾ ಅಗಿಯುವುದನ್ನು ನಿಲ್ಲಿಸಿದರು.

"ಮರ್ತೋಯ್ತು ಕಣೇ. ಮನುಷ್ಯ ಅಂದ್ಮೇಲೆ ಮರೆಯಲ್ವಾ?"

"ಮರೆಯೋಕೆ ಮೊದಲು ಒಂದ್ಸಲ ನೆನಪಿರಬೇಕಲ್ಲ ರೀ. ನಾನು ಯಾವತ್ತಿದ್ದೆ ನಿಮ್ಮ ನೆನಪಲ್ಲಿ? ಬಲ್ಬು ಬೇಕಾದಾಗಲೋ, ಪಿನ್ನು ಬೇಕಾದಾಗಲೋ?"

ಎದುರು ಕೂತಿದ್ದ ಹೆಂಗಸು, ಬಾಯಲ್ಲಿ ನಮ್ಮ ತುತ್ತು ಇಟ್ಟುಕೊಂಡೇ, ಸರಿಯಾಗಿ ಕೇಳಿದ್ರಿ ಎಂದಳು. ಅಕ್ಕ ಪಿನ್ನು ಕೊಟ್ಟಳು, ಅದೂ ಭಾವನಿಗಲ್ಲ, ನನ್ನ ಕೈಗೆ. ಆಮೇಲೆ ಟವೆಲ್ಲು ಎಳೆದು ಕಿಟಕಿ ಮುಚ್ಚಿದಳು.

ಸಂಜೆ ರೈಲು ನಿಂತಾಗ ಅವಳು ನಮಗಾಗಿ ಕಾಯಲಿಲ್ಲ. ಹೊರಗೆ ಒಬ್ಬ ಕೂಲಿಯವನನ್ನು ದಾರಿ ಕೇಳಿ ನೇರ ನಡೆದುಬಿಟ್ಟಳು. ಹಿಂದೆ ಹಿಂದೆ ನಾವು ನಾಲ್ವರು, ಬಟ್ಟೆ ಹೊತ್ತು. ಬೀದಿಯ ತುದಿಗೆ ಅಂಗಡಿಗಳು ಮುಗಿದದ್ದೇ ತಡ, ಎದುರಿಗೆ ಸಮುದ್ರ. ಅಕ್ಕ ಒಂದು ಕ್ಷಣ ನಿಂತಳು. ಆಮೇಲೆ ಚೀಲದಿಂದ ಬೆಡ್‌ಶೀಟ್ ತೆಗೆದು ಮರಳಿನ ಮೇಲೆ ಹಾಸಿ, ನಟ್ಟನಡುವೆ ಕೂತಳು. ಅಕ್ಕಪಕ್ಕ ಯಾರೂ ಕೂರಲಾಗದ ಹಾಗೆ ಕೂರುವುದು ಹೇಗೆಂದು ಅವಳಿಗೆ ಗೊತ್ತು.

ನಾವು ಹಿಂದೆ ನಿಂತೆವು. ಭಾವ ಕೆಮ್ಮಿದರು. ವಾಪಸು ಹೋಗುವಾಗ ನನ್ನ ಸೀಟಲ್ಲಿ ನೀನು ಹೋಗು, ನಾನು ಜನರಲ್ಲಲ್ಲಿ ಬರ್ತೀನಿ ಎಂದರು. ಅಕ್ಕ ತಿರುಗಲಿಲ್ಲ. ನನ್ನ ಟಿಕೆಟ್ ನಾನೇ ತಗೋತೀನಿ, ನಂಗೆ ವಾರ ರಜೆ ಇದೆ, ನೀವು ನಿಮ್ಮ ದಿನಕ್ಕೆ ಹೊರಡಿ ಎಂದಳು. ಹಾಗಾದರೆ ಈಗ ಲಾಡ್ಜಿಗಾದರೂ ಬಾ, ಹೊತ್ತಾದರೆ ರೂಮು ಬೇರೆಯವರಿಗೆ ಕೊಟ್ಟುಬಿಡ್ತಾರೆ ಎಂದರು ಭಾವ. ಆ ರೂಮನ್ನು ನಾಲ್ಕು ಜನಕ್ಕೆಂದೇ ಹಿಡಿದಿದ್ದರು ಎಂಬುದು ಅವರಿಗೆ ಹೊಳೆದದ್ದು ಹೇಳಿದ ಮೇಲೆ. ಮುಖ ಇಷ್ಟೇ ಇಷ್ಟಾಯಿತು.

ಅಲೆಯೊಂದು ಅಕ್ಕನ ಪಾದದವರೆಗೆ ಬಂದು ಹಿಂದಕ್ಕೆ ಹೋಯಿತು.

"ಎಷ್ಟು ಹೊತ್ತಾಗುತ್ತೆ ನಿಂಗೆ, ನೋಡಿ ಮುಗಿಸೋಕೆ?" ಎಂದು ಕೇಳಿದರು ಭಾವ, ಆದಷ್ಟು ಮೆತ್ತಗೆ.

"ಕಣ್ಣಿದೆಯಲ್ಲ, ನೀವೇ ನೋಡಿ ಎಷ್ಟು ದೊಡ್ಡದಿದೆ ಅಂತ."